ಹಿತ್ತಾಳೆ ಪಾತ್ರೆ ಮತ್ತು ನಾಲ್ಕು ಸಿಂಗಿ ಎರಾ

ಸಮುದ್ರದ ದಂಡೆಗೆ ರಜೆಗೆಂದು ಹೋದವರು ಮರಳಿನಲ್ಲಿ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕುವುದನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ತಿಕ್ಕಿದ್ದೇನೆ. ೨೦೦೨ರ ಮೇ ತಿಂಗಳು, ಮದ್ರಾಸಿನ ದಕ್ಷಿಣಕ್ಕಿರುವ ಕೋವಳಂ, ನೆತ್ತಿ ಸುಡುವ ಬಿಸಿಲು. ಕೈಯಲ್ಲಿ ಹುಣಸೆಹಣ್ಣಿನ ಉಂಡೆ, ಎದೆಯೊಳಗೆ ಅವಲಕ್ಕಿ ಕುಟ್ಟಿದ ಹಾಗೆ ಸದ್ದು. ನಾಲ್ಕು ಗಂಟೆಗೆ ವ್ಯಾನು ಬರುವುದಿತ್ತು.

ಮೊದಲು ನಮ್ಮವರ ವಿಷಯ ಹೇಳಬೇಕು. ನಮ್ಮವರು ಸದಾನಂದ ಶೆಟ್ಟರು, ಕುಂದಾಪುರದ ಕಡೆಯವರು. ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಇಪ್ಪತ್ತೊಂದು ವರ್ಷದಿಂದ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ನಾವು ಮೀನು ತಿನ್ನುವ ಜನ. ತಿನ್ನುವವರು ಮಾತ್ರವಲ್ಲ, ತಿನ್ನದಿದ್ದರೆ ಸೊರಗುವವರು. ಆದರೆ ಹೋಟೆಲಿನ ಬೋರ್ಡು ಏರಿಸಿದ ದಿನ ಇವರು ಒಂದು ಕಟ್ಟಳೆ ಮಾಡಿಕೊಂಡರು: ಮದ್ರಾಸಿನಲ್ಲಿ ಇರುವಷ್ಟು ದಿನ ಮೀನು ಮುಟ್ಟುವುದಿಲ್ಲ, ಘಟ್ಟ ಇಳಿದು ಊರಿಗೆ ಹೋದಾಗ ಮಾತ್ರ. ಮದುವೆಯಾದ ಮೇಲೆ ಅದಕ್ಕೆ ಇನ್ನಷ್ಟು ಸೇರಿದವು: ನಾನೂ ಮಕ್ಕಳೂ ಮನೆಯಲ್ಲಿ ತಿನ್ನಬಹುದು, ಅದಕ್ಕೆ ಬೇರೆ ಪಾತ್ರೆ, ಅದು ಬಾಲ್ಕನಿ ದಾಟಿ ಒಳಗೆ ಬರಬಾರದು. ತಿಂದ ದಿನ ನಾನು ಹೋಟೆಲಿನ ಮೆಟ್ಟಿಲು ಹತ್ತುವಂತಿಲ್ಲ. ಮನೆಯ ಸೌಟು ಹೋಟೆಲಿಗೆ ಹೋಗಬಾರದು, ಹೋಟೆಲಿನ ಚಮಚ ಮನೆಗೆ ಬರಬಾರದು. ಈ ವಿಷಯದಲ್ಲಿ ನಮ್ಮವರು ಮಠದ ಸ್ವಾಮಿಗಳಿಗಿಂತ ಒಂದು ತೂಕ ಹೆಚ್ಚು.

ಅತ್ತೆ ತೀರಿಹೋದ ಮೇಲೆ ಮೂರು ವರ್ಷ ನಾವು ಊರಿಗೆ ಹೋಗಲೇ ಇಲ್ಲ. ಅಂದರೆ ಮೂರು ವರ್ಷ ಅವರ ನಾಲಿಗೆಗೆ ಮೀನಿಲ್ಲ. ಬಾಯಿ ಬಿಟ್ಟು ಹೇಳಿದವರಲ್ಲ. ಆದರೆ ಭಾನುವಾರ ಬಾಲ್ಕನಿಯಲ್ಲಿ ನಾನು ಬಂಗಡೆ ಕಾಯಿಸುವಾಗ ಪೇಪರು ಹಿಡಿದುಕೊಂಡು ಅಲ್ಲೇ ಬಾಗಿಲ ಹತ್ತಿರ ಕೂರುತ್ತಿದ್ದರು. ಅರ್ಧ ಗಂಟೆಯಾದರೂ ಪುಟ ಮಗುಚುತ್ತಿರಲಿಲ್ಲ.

ಆ ವರ್ಷ ಹೋಟೆಲಿನ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಲು ಮೂರು ದಿನ ಬಾಗಿಲು ಹಾಕಬೇಕಾಯಿತು. ಮಗ ಮಿಥುನನ ಪ್ಲಸ್ ಟೂ ಪರೀಕ್ಷೆಯೂ ಮುಗಿದಿತ್ತು. ದಿನಾ ಬೆಳಿಗ್ಗೆ ಪೊಂಗಲ್ ತಿನ್ನಲು ಬರುವ ಒಬ್ಬ ವಕೀಲರು ಕೋವಳಂನಲ್ಲಿದ್ದ ತಮ್ಮ ಮನೆಯ ಬೀಗದ ಕೈ ಕೊಟ್ಟರು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ನಮಗೆ ರಜೆ ಎಂಬುದು ಸಿಕ್ಕಿತು. ದಾರಿಯಲ್ಲಿ ತಿರುವಾನ್ಮಿಯೂರಿನ ಕಲಾಯಿ ಅಂಗಡಿಯ ಮುಂದೆ ಇವರು ವ್ಯಾನು ನಿಲ್ಲಿಸಿ, ಗೋಣಿಯಲ್ಲಿ ಸುತ್ತಿದ ಒಂದು ದೊಡ್ಡ ಪಾತ್ರೆ ಹತ್ತಿಸಿದರು.

"ಎಂತದ್ ಅದ್?" ಎಂದೆ.

"ಹೋಟ್ಲಿಂದ್. ಅಲ್ಲ್ ಟೈಲ್ಸಿನ್ ಧೂಳ್, ನಮ್ಮೊಟ್ಟಿಗೇ ಒಂದ್ ಮೂಲ್ಯಂಗ್ ಇರ್ಲಿ," ಎಂದರು. ಅಷ್ಟೇ ಹೇಳಿದ್ದು. ಪೂರ್ತಿ ಹೇಳಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಅವರ ಮೇಲೆ ತಪ್ಪು ಹೊರಿಸುವ ಯೋಗ್ಯತೆ ನನಗಿಲ್ಲ, ಹೋಟೆಲಿನದು ಎಂದ ಮೇಲೆ ನಾನು ಮುಟ್ಟಲೇಬಾರದಿತ್ತು.

ಮರುದಿನ ಬೆಳಿಗ್ಗೆ ಮಕ್ಕಳೊಂದಿಗೆ ದಂಡೆಗೆ ಹೋದೆವು. ದೊಡ್ಡ ಬೋಟುಗಳಿಗೆ ಆಗ ನಿಷೇಧ, ಕಟ್ಟುಮರಗಳು ಮಾತ್ರ ಬರುತ್ತಿದ್ದವು. ಒಬ್ಬಳು ಮೀನಿನವಳು ಬುಟ್ಟಿಯ ಮೇಲಿನ ಒದ್ದೆ ಗೋಣಿ ಎತ್ತಿ, "ಅಕ್ಕಾ, ಸಿಂಗಿ ಎರಾ! ಉಯಿರೋಡ ಇರುಕ್ಕು, ಪಾರು!" ಎಂದಳು. ಜೀವಂತ ಇದ್ದವು. ಮೊಳದುದ್ದದ ನಾಲ್ಕು ಲಾಬ್‌ಸ್ಟರುಗಳು, ಹಸಿರು ಕಪ್ಪು ಮೈ, ಅದಕ್ಕಿಂತ ಉದ್ದದ ಮೀಸೆ. ಬಾಲವನ್ನು ಟಪಟಪ ಬಡಿಯುತ್ತಿದ್ದವು. ನಮ್ಮೂರಿನಲ್ಲಿ ಸಿಗಡಿ ಸೇರುಗಟ್ಟಲೆ ತಿಂದವಳು ನಾನು, ಆದರೆ ಇದನ್ನು ಒಂದೇ ಒಂದು ಸಲ, ಅಪ್ಪ ಬದುಕಿದ್ದಾಗ, ತಿಂದಿದ್ದೆ.

ನಮ್ಮವರು ಬುಟ್ಟಿಯ ಮುಂದೆ ಕೂತುಬಿಟ್ಟರು. ಬೆರಳಿನಿಂದ ಒಂದರ ಬೆನ್ನು ಮುಟ್ಟಿದರು, ಕೈ ಹಿಂದಕ್ಕೆ ತೆಗೆದುಕೊಂಡರು, ಮತ್ತೆ ಮುಟ್ಟಿದರು.

"ಸರಸ, ಇದ್ ಮದ್ರಾಸಾ?"

ನನಗೆ ನಗು ಬಂತು. "ತಿರುವಾನ್ಮಿಯೂರ್ ದಾಟಿ ಎಷ್ಟ್ ದೂರ ಆಯ್ತ್! ಇದ್ ಮದ್ರಾಸ್ ಅಲ್ಲ ಮಾರಾಯ್ರೆ, ಇದ್ ಸಮುದ್ರ."

"ಹೌದಲ್ದಾ? ಸಮುದ್ರ ಅಂದ್ರೆ ಎಲ್ಲ ಒಂದೇ. ನಮ್ಮೂರಂಗೂ ಇದೇ ನೀರ್," ಎಂದು ಪೂರ್ವದ ಸಮುದ್ರಕ್ಕೂ ಪಶ್ಚಿಮದ ಸಮುದ್ರಕ್ಕೂ ನೆಂಟಸ್ತಿಕೆ ಮಾಡಿಸಿ, ನಾಲ್ಕನ್ನೂ ಕೊಂಡುಬಿಟ್ಟರು. ಮನಸ್ಸಿದ್ದರೆ ಮಾರ್ಗ. ಆ ಮುಖ ನೋಡಿ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ನಾನು ಬುಟ್ಟಿ ಹೊತ್ತು ಮನೆಗೆ ಬಂದೆ, ಅವರು ಮಕ್ಕಳೊಂದಿಗೆ ನೀರಾಟಕ್ಕೆ ಉಳಿದರು. ವಕೀಲರ ಅಡುಗೆಮನೆಯಲ್ಲಿ ಇದ್ದದ್ದು ಟೀ ಕಾಯಿಸುವ ಎರಡು ಪಾತ್ರೆ, ಒಂದು ಕುಕ್ಕರು, ಒಂದು ಬಾಣಲೆ. ಲಾಬ್‌ಸ್ಟರನ್ನು ಮೊದಲು ಉಪ್ಪುನೀರಿನಲ್ಲಿ ಇಡಿಯಾಗಿ ಮುಳುಗಿಸಿ ಬೇಯಿಸಬೇಕು, ಚಿಪ್ಪು ಕೆಂಪಾಗಬೇಕು, ಆಮೇಲೆ ಬಿಡಿಸುವುದು. ಕುಕ್ಕರಿಗೆ ಒಂದನ್ನು ತುರುಕಿ ನೋಡಿದೆ, ಅರ್ಧ ಒಳಗೆ, ಅರ್ಧ ಹೊರಗೆ. ಅದು ಬಾಲ ಬಡಿದ ರಭಸಕ್ಕೆ ಕುಕ್ಕರು ಉರುಳಿತು. ಇನ್ನೆರಡು ಬುಟ್ಟಿಯಿಂದ ಇಳಿದು ನೆಲದಲ್ಲಿ ತೆವಳತೊಡಗಿದವು. ಅಷ್ಟರಲ್ಲಿ ಮಗಳು ವೀಕ್ಷಾ ಟವೆಲು ತೆಗೆದುಕೊಂಡು ಹೋಗಲು ಬಂದವಳು ಕಿಟಾರನೆ ಕಿರುಚಿದಳು.

"ಅಮ್ಮಾ, ಪಾವಂಮಾ! ವಿಟ್ಟುಡು!" ಎಂದಳು. ಅವಳಿಗೆ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೇ ಉತ್ತರ. ಪಾಪ, ಬಿಟ್ಟುಬಿಡು ಎನ್ನುತ್ತಿದ್ದಾಳೆ. ಮಧ್ಯಾಹ್ನ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿಯುವವಳೂ ಅವಳೇ.

ಆಗ ನನ್ನ ಕಣ್ಣು ಜಗಲಿಯ ಮೂಲೆಯ ಗೋಣಿಯ ಮೇಲೆ ಬಿತ್ತು. ಬಿಚ್ಚಿದೆ. ಹಿತ್ತಾಳೆಯ ಅಗಲ ಬಾಯಿಯ ಪಾತ್ರೆ, ಒಳಗೆಲ್ಲ ಹೊಸ ಕಲಾಯಿ ಬೆಳ್ಳಿಯಂತೆ ಹೊಳೆಯುತ್ತಿತ್ತು, ಕಂಠದ ಮೇಲೆ ಹೋಟೆಲಿನ ಹೆಸರು ಕೊರೆದಿತ್ತು. ಬೇಡ ಎಂದು ಮನಸ್ಸು ಹೇಳಿತು. ಕೇಳಿಸಿತು, ಕೇಳಿಸದ ಹಾಗೆ ಮಾಡಿದೆ. ಲೋಹದ ಪಾತ್ರೆ ತಾನೇ, ತಿಕ್ಕಿದರಾಯಿತು, ಅವರು ಬರುವುದರೊಳಗೆ ತೊಳೆದು ಗೋಣಿಯಲ್ಲಿ ಕಟ್ಟಿಟ್ಟರೆ ಯಾರಿಗೆ ಗೊತ್ತು? ಗಾಳಿಮರದ ಕೆಳಗೆ ಮೂರು ಇಟ್ಟಿಗೆ ಇಟ್ಟು ಬೆಂಕಿ ಮಾಡಿ, ಎರಡು ಕೊಡ ಸಮುದ್ರದ ನೀರು ಸುರಿದೆ.

ಬೆಂದ ಲಾಬ್‌ಸ್ಟರಿನ ಪರಿಮಳ ಹೇಗಿರುತ್ತದೆ ಎಂದರೆ, ಅದು ಬೆಂಕಿಯ ಹತ್ತಿರ ನಿಲ್ಲುವುದಿಲ್ಲ, ಊರು ಸುತ್ತಲು ಹೋಗುತ್ತದೆ. ನಾನು ಎಣಿಸಿದ್ದಕ್ಕಿಂತ ಮುಂಚೆಯೇ ನಮ್ಮವರು ಒದ್ದೆ ಪಂಚೆಯಲ್ಲಿ ಬಂದುಬಿಟ್ಟರು. ನಾನು ಒಳಗೆ ಮಸಾಲೆ ಅರೆಯುತ್ತಿದ್ದೆ, ಕಿಟಕಿಯಿಂದ ಕಂಡಿತು. ಒಲೆಯ ಹತ್ತಿರ ಒಂದು ನಿಮಿಷ ನಿಂತರು. ಪಾತ್ರೆಯನ್ನು ನೋಡಿದರೋ ಹೊಗೆಯನ್ನು ನೋಡಿದರೋ ತಿಳಿಯಲಿಲ್ಲ. ನನ್ನ ಕೈ ಅರೆಯುವ ಕಲ್ಲಿನ ಮೇಲೆ ನಿಂತುಹೋಯಿತು. ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ಕಾದೆ. ಅವರು ಕೂಗಲಿಲ್ಲ. ಸೀದಾ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಪರಿಮಳಕ್ಕೆ ಮೈಮರೆತಿದ್ದಾರೆ, ಪಾತ್ರೆ ಕಂಡಿಲ್ಲ ಎಂದುಕೊಂಡು ಉಸಿರು ಬಿಟ್ಟೆ.

ಕೆಂಪಗೆ ಬೆಂದವುಗಳನ್ನು ಎತ್ತಿ, ತಲೆ ತಿರುಚಿ ತೆಗೆದು, ಬಾಲದ ಚಿಪ್ಪನ್ನು ಸೀಳಿ ಬಿಳಿ ಮಾಂಸವನ್ನು ಇಡಿಯಾಗಿ ಬಿಡಿಸಿದೆ. ನಡುವಿನ ಕಪ್ಪು ನರ ಎಳೆದು ಬಿಸಾಡಿದೆ. ಹುರಿದ ಮೆಣಸು, ಕೊತ್ತಂಬರಿ, ನಾಲ್ಕು ಕಾಳು ಮೆಂತೆ, ಬೆಳ್ಳುಳ್ಳಿ, ಹುಳಿ ಹಾಕಿ ಅರೆದ ಮಸಾಲೆ ಬಾಣಲೆಯಲ್ಲಿ ತೆಂಗಿನೆಣ್ಣೆ ಬಿಡುವವರೆಗೆ ಕಾಯಿಸಿ, ಮಾಂಸವನ್ನೂ ಮುರಿದಿಟ್ಟ ಕಾಲುಗಳನ್ನೂ ಸೇರಿಸಿ, ಮೇಲೆ ಕಾಯಿತುರಿ ಉದುರಿಸಿ ಸುಕ್ಕ ಮಾಡಿದೆ. ಹಿತ್ತಾಳೆ ಪಾತ್ರೆಯನ್ನು ಸದ್ಯಕ್ಕೆ ಮನೆಯ ಹಿಂದೆ ಅಡಗಿಸಿದ್ದೆ.

ಊಟಕ್ಕೆ ಕೂತೆವು. ನಮ್ಮವರು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಮುಚ್ಚಿದರೆಂದರೆ ಮಿಥುನ, "ಅಪ್ಪಾ, ಓಕೆಯಾ?" ಎಂದು ಕೇಳಿದ. ಅವರು ಎಡಗೈಯಿಂದ ಸುಮ್ಮನಿರು ಎಂದು ಸನ್ನೆ ಮಾಡಿದರು. ಆಮೇಲೆ ಸಣ್ಣ ಸಣ್ಣ ಕಾಲುಗಳನ್ನೂ ಬಿಡದೆ ಒಂದೊಂದೇ ಮುರಿದು ಚೀಪಿದರು. ಮೂರು ವರ್ಷದಲ್ಲಿ ಅವರು ಅಷ್ಟು ನಿಧಾನವಾಗಿ ಉಂಡದ್ದನ್ನು ನಾನು ಕಂಡಿರಲಿಲ್ಲ. ಹೋಟೆಲಿನವರು ಗಂಟಲಿಗೆ ಅನ್ನ ಎಸೆದು ಏಳುವ ಜನ.

ಆಗ ಮಿಥುನ ಏನೋ ನೆನಪಾದವನಂತೆ ಹೇಳಿದ: "ಅಪ್ಪಾ, ಜಯರಾಮಣ್ಣ ನಾಲು ಮಣಿಕ್ಕು ವರ್ರಾರ್ ಅಲ್ವಾ? ಗೋದಾಬಾಯಿ ಪಾಟಿ ಮನೆಗೆ ಪಾತ್ರೆ ತಗೊಂಡು ಹೋಗಕ್ಕೆ."

ಹೋಟೆಲಿನ ಜಯರಾಮಣ್ಣ ನಾಲ್ಕು ಗಂಟೆಗೆ ವ್ಯಾನಿನಲ್ಲಿ ಬರುತ್ತಾರಂತೆ! ತುತ್ತನ್ನು ತಟ್ಟೆಗೆ ಹಾಕಿದೆ. "ಯಾವ ಪಾತ್ರೆ?"

"ಆ ಗೋಣಿದು. ನಾಳೆ ಅವಂಗ ಮನೇಲಿ ಪೂಣೂಲ್ ಅಲ್ವಾ? ಪಾಯಸಕ್ಕೆ."

ಇವರು ಒಂದು ಕಾಲನ್ನು ಚೀಪುತ್ತಾ, "ಹೂಂ," ಎಂದರು. ಮುಖ ಎತ್ತಲಿಲ್ಲ.

ಗೋದಾಬಾಯಿಯವರು ನಮ್ಮ ಬೀದಿಯ ಮಾಧ್ವ ಮನೆತನದ ಹಿರಿಯರು, ಮೂರು ತಲೆಮಾರಿನಿಂದ ಮದ್ರಾಸಿನವರು. ಹೋಟೆಲು ತೆರೆದ ಹೊಸತರಲ್ಲಿ, ಘಟ್ಟದ ಕೆಳಗಿನ ಮೀನು ತಿನ್ನುವವರ ಹೋಟೆಲಂತೆ ಎಂದು ಬೀದಿಯವರು ಮೂಗು ಮುರಿಯುತ್ತಿದ್ದಾಗ, ಒಂದು ದಿನ ಹಿತ್ತಿಲ ಬಾಗಿಲಿನಿಂದ ಹೇಳದೆ ಕೇಳದೆ ಬಂದು ಅಡುಗೆಮನೆ ಪೂರ್ತಿ ನೋಡಿ, ಒಂದು ಲೋಟ ಕಾಫಿ ಕುಡಿದು ಹೋಗಿದ್ದರು. ಮರುವಾರದಿಂದ ಬೀದಿ ಬಂತು. ಅಂದಿನಿಂದ ಅವರ ಮನೆಯ ಮದುವೆಯಿರಲಿ, ಮುಂಜಿಯಿರಲಿ, ಮಡಿ ಅಡುಗೆಯವರು ಅವರದೇ, ಆದರೆ ಪಾಯಸದ ಪಾತ್ರೆ ನಮ್ಮ ಹೋಟೆಲಿನದು. "ಸದಾನಂದಾ, ನಿನ್ನ ಪಾತ್ರೆ ಬಂದ್ರೆ ನಂಗೆ ತಿರುಗಿ ತೊಳೆಯೋ ವೇಲೆ ಇಲ್ಲಪ್ಪಾ," ಎನ್ನುತ್ತಿದ್ದರು, ಅವರ ತಮಿಳು ಬೆರೆತ ಕನ್ನಡದಲ್ಲಿ ವೇಲೆ ಎಂದರೆ ಕೆಲಸ. ನಾಳೆ ಮೊಮ್ಮಗ ವಿಷ್ಣುತೀರ್ಥನ ಉಪನಯನ. ನಾವೂ ಊಟಕ್ಕೆ ಇಲ್ಲಿಂದಲೇ ಹೋಗುವವರಿದ್ದೆವು.

ಹೇಳಿಬಿಡಲೇ ಎಂದು ಇವರ ಕಡೆ ನೋಡಿದೆ. ಬಾಯಿಯ ಅಂಚಿನಲ್ಲಿ ಮಸಾಲೆ, ಹಣೆಯಲ್ಲಿ ಬೆವರು, ಸಣ್ಣ ಮಗುವಿನ ಮುಖ. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಕಟ್ಟಳೆ ಮುರಿದದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಈ ಮನುಷ್ಯ ಇನ್ನು ಊರಿಗೆ ಹೋದರೂ ಮೀನು ಮುಟ್ಟುವುದಿಲ್ಲ. ಹೇಳದಿದ್ದರೆ ಮಡಿಯುಟ್ಟ ವಟುವಿನ ಎಲೆಗೆ ಆ ಪಾತ್ರೆಯ ಪಾಯಸ ಬೀಳುತ್ತದೆ. ನಾಲ್ಕರಲ್ಲಿ ಒಂದು ಲಾಬ್‌ಸ್ಟರಿನ ಸುಕ್ಕ ಉಳಿದಿತ್ತು, ಅದನ್ನು ರಾತ್ರಿಗಿರಲಿ ಎಂದು ಮುಚ್ಚಿಟ್ಟು, ಎಲ್ಲರೂ ಅಡ್ಡಾದ ಮೇಲೆ ಪಾತ್ರೆ ಎತ್ತಿಕೊಂಡು ದಂಡೆಗೆ ಓಡಿದೆ. ಆಗ ಎರಡು ಗಂಟೆ.

ಹುಣಸೆಹಣ್ಣು ಹಾಕಿ ತಿಕ್ಕಿದೆ. ಬೂದಿ ಹಾಕಿ ತಿಕ್ಕಿದೆ. ನಿಂಬೆಹಣ್ಣಿನ ಹೋಳು ಹಾಕಿ, ಮರಳು ಹಾಕಿ ತಿಕ್ಕಿದೆ. ತೊಳೆದು ಮೂಸುತ್ತೇನೆ, ಇದೆ. ಮತ್ತೆ ತಿಕ್ಕಿ ಮೂಸುತ್ತೇನೆ, ಇಲ್ಲ ಅನ್ನಿಸುತ್ತದೆ. ದೂರ ಹೋಗಿ ಉಸಿರೆಳೆದು ಬಂದು ಮೂಸಿದರೆ ಮತ್ತೆ ಇದೆ. ವಾಸನೆ ಪಾತ್ರೆಯಲ್ಲಿದೆಯೋ ನನ್ನ ಕೈಯಲ್ಲಿದೆಯೋ ಮೂಗಿನಲ್ಲೇ ಕೂತಿದೆಯೋ ಗೊತ್ತಾಗದೆ ತಲೆ ಕೆಟ್ಟುಹೋಯಿತು. ಹೊಸ ಕಲಾಯಿಯ ಮೇಲೆಲ್ಲ ಗೀರು ಬಿದ್ದಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು, ಆ ವಕೀಲರ ಮೇಲೆ ಬಂತು, ಅಡುಗೆಮನೆಯಲ್ಲಿ ಒಂದು ನೆಟ್ಟಗಿನ ಪಾತ್ರೆ ಇಡಲು ಏನಾಗಿತ್ತು?

ಮೂರೂವರೆಗೆ ನನಗೆ ಬುದ್ಧಿ ಹೇಳುವವರು ಯಾರೂ ಇಲ್ಲದ್ದರಿಂದ ಒಂದು ಉಪಾಯ ಹೊಳೆಯಿತು. ಮೊಣಕಾಲು ನೀರಿಗೆ ಇಳಿದು ಪಾತ್ರೆಯನ್ನು ಸಮುದ್ರಕ್ಕೆ ತಳ್ಳಿಬಿಟ್ಟೆ. ತೊಳೆಯುವಾಗ ಅಲೆ ಎಳೆದುಕೊಂಡು ಹೋಯಿತು ಎಂದರಾಯಿತು. ಪಾತ್ರೆ ತೇಲಿಕೊಂಡು ನಾಲ್ಕು ಮಾರು ಹೋಯಿತು. ಒಂದು ಅಲೆ ಬಂತು, ಅದನ್ನು ಎತ್ತಿ ತಂದು ನನ್ನ ಕಾಲಬುಡದಲ್ಲೇ ಮಗುಚಿ ಹಾಕಿತು. ಮತ್ತೆ ತಳ್ಳಿದೆ, ಮತ್ತೆ ತಂದಿತು. ಮೂರನೆಯ ಸಲ ತಳ್ಳಲು ಬಗ್ಗಿದಾಗ ಹಿಂದಿನಿಂದ ಇವರ ಸ್ವರ ಕೇಳಿತು.

"ಬಿಡ್ ಮಾರಾಯ್ತಿ. ಸಮುದ್ರಕ್ಕೂ ಅದ್ ಬ್ಯಾಡ."

ನಾನು ನೀರಿನಲ್ಲೇ ಕೂತುಬಿಟ್ಟೆ. ಅಳು ಬಂತು. "ತಪ್ಪಾಯ್ತ್. ಗೋದಾಬಾಯಮ್ಮನ ಮನಿಗ್ ಹೋಪುದ್ ಅಂದೇಳಿ ನಂಗ್ ಗೊತ್ತಿರ್ಲಿಲ್ಲೆ. ನಿಮ್ಗ್ ಹೇಳೂಕ್ ಆಯ್ಲಿಲ್ಲೆ, ನೀವ್ ಉಂಬುದ್ ಕಂಡ್..."

ಇವರು ಪಾತ್ರೆಯನ್ನು ಎತ್ತಿ ನೀರು ಚೆಲ್ಲಿದರು. ನನ್ನ ಕಡೆ ನೋಡದೆ ಹೇಳಿದರು: "ನಂಗೂ ಗೊತ್ತಿತ್ತ್ ಸರಸ. ಒಲಿ ಮೇಲ್ ಇದ್ದಾಗ್ಳೇ ಕಂಡಿದೆ. ಆಗ್ಳೇ ಹೇಳಿರೆ ನೀ ಎಲ್ಲ ಚೆಲ್ತಿದ್ದೆ. ತಿನ್ಕ್ ಅಂದೇಳಿ ಆಸಿ ಆಯ್ತ್. ಸುಮ್ನಾದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು ನಾನೊಬ್ಬಳೇ ಅಂದುಕೊಂಡಿದ್ದೆ, ಒಂದೇ ಮನೆಯಲ್ಲಿ ಎರಡು ಬೆಕ್ಕಿದ್ದವು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಗಾಳಿಮರಗಳ ಹಿಂದೆ ವ್ಯಾನಿನ ಹಾರ್ನು ಕೇಳಿತು.

ಜಯರಾಮಣ್ಣ ನಮ್ಮ ಹೋಟೆಲಿನ ಸ್ಟೋರು ನೋಡಿಕೊಳ್ಳುವವರು, ಅರವತ್ತು ದಾಟಿದ ಊರಿನವರು. ಪಾತ್ರೆ ಹೊರಗೆ ಹೋಗುವ ಮೊದಲು ಅವರು ಅದನ್ನು ಒಮ್ಮೆ ಮೂಸಿ ನೋಡಬೇಕು, ಇದು ಹೋಟೆಲು ಶುರುವಾದಂದಿನಿಂದ ನಡೆದುಬಂದ ಪದ್ಧತಿ. ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ಹಾಲು ಒಡೆದದ್ದನ್ನು ಹೇಳುವ ಮೂಗು ಅವರದು. ಪಾತ್ರೆಯನ್ನು ಇವರ ಕೈಯಿಂದ ತೆಗೆದುಕೊಂಡು ತಲೆ ಒಳಗೆ ಹಾಕಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಜಯರಾಮಣ್ಣ ಸ್ವಲ್ಪ ಹೆಚ್ಚೇ ಹೊತ್ತು ಒಳಗಿದ್ದರು. ಆಮೇಲೆ ತಲೆ ಎತ್ತಿ ಗೀರು ಬಿದ್ದ ಕಲಾಯಿ ನೋಡಿದರು, ನನ್ನ ಒದ್ದೆ ಸೀರೆ ನೋಡಿದರು, ಕೊನೆಗೆ ಧಣಿಯ ಮುಖ ನೋಡಿದರು.

"ಎಂತ ವಾಸ್ನಿ ಇಲ್ಲೆ," ಎಂದರು. "ಲಾಯ್ಕ್ ಇತ್ತ್. ತಕಂಡ್ ಹೋತೆ."

ನನಗೆ ಹೋದ ಜೀವ ಬಂದಂತಾಯಿತು. ಆದರೆ ನಮ್ಮವರ ಮುಖ ಸುಣ್ಣವಾಗಿತ್ತು. ಆ ಮೂಗು ಇಪ್ಪತ್ತೊಂದು ವರ್ಷದಲ್ಲಿ ಮೊದಲ ಬಾರಿ ಸುಳ್ಳು ಹೇಳಿತ್ತು, ಅದೂ ಇವರಿಗೋಸ್ಕರ. ಅವರು ಪಾತ್ರೆಯನ್ನು ವಾಪಸ್ ತೆಗೆದುಕೊಂಡು ಜಗಲಿಯ ಮೇಲಿಟ್ಟು, ಅಂಗಿ ಹಾಕಿಕೊಂಡು ರಸ್ತೆಯ ಕಡೆ ನಡೆದರು. ನಾನು ಒದ್ದೆ ಸೀರೆಯಲ್ಲೇ ಹಿಂದೆ ಓಡಿದೆ.

ಮೇನ್ ರೋಡಿನ ಟೆಲಿಫೋನ್ ಬೂತು. ಇವರು ಒಳಗೆ, ನಾನು ಗಾಜಿನ ಬಾಗಿಲ ಸಂದಿಯಲ್ಲಿ. ಇವರ ಮಾತಷ್ಟೇ ನನಗೆ ಕೇಳುತ್ತಿತ್ತು.

"ಅಮ್ಮಾ, ನಾನು ಸದಾನಂದ. ಆ ಪಾತ್ರೆ... ಕಲಾಯಿ ಸರಿ ಬರಲಿಲ್ಲ ಅಮ್ಮಾ, ಗೀರು ಬಿದ್ದಿದೆ. ಬೇರೆ ಒಂದು ಒಳ್ಳೆಯದು ಕಳಿಸ್ತೇನೆ." ಆ ಕಡೆಯ ಮಾತು ಕೇಳಿ ತಲೆ ಅಲ್ಲಾಡಿಸಿದರು. "ಇಲ್ಲ, ನೀವು ಯಾಕೆ ಕಲಾಯಿ ಹಾಕಿಸ್ತೀರಿ, ಬೇಡ... ಹೌದು, ನಿಮ್ಮ ಮಗನ ಮದುವೆಗೂ ಅದೇ ಪಾತ್ರೆ. ಗೊತ್ತು. ಅಲ್ಲ ಅಮ್ಮಾ, ಕಳಿಸೋಕೆ ಆಗೋದಿಲ್ಲ."

ಅಲ್ಲಿಂದ ಗೋದಾಬಾಯಿಯವರು ಏನೋ ಕೇಳಿದರು. ಇವರು ಗೋಡೆಗೆ ಹಣೆ ಒತ್ತಿದರು. ಮೀಟರಿನ ಕೆಂಪು ಅಂಕಿ ಬದಲಾಗುತ್ತಲೇ ಇತ್ತು. ಸುಳ್ಳು ಹೇಳಿ, ಇನ್ನೊಂದು ಹೇಳಿ, ಕಳುವಾಯಿತು ಅನ್ನಿ ಎಂದು ನಾನು ಹೊರಗಿನಿಂದ ಮನಸ್ಸಿನಲ್ಲೇ ಬೇಡಿಕೊಂಡೆ.

"ಅದರಲ್ಲಿ ಸಿಂಗಿ ಎರಾ ಬೇಯಿಸಿದ್ದೇವೆ, ಅಮ್ಮಾ," ಎಂದರು. "ಇವತ್ತು. ಇಲ್ಲಿ, ಕೋವಳಂನಲ್ಲಿ. ಹೌದು. ನಾನೂ ತಿಂದೆ."

ಆಮೇಲೆ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು. ಒಮ್ಮೆ, "ಇಲ್ಲಮ್ಮಾ, ಇದೇ ಮೊದಲು," ಎಂದರು. ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಇದೇ ಮೊದಲು." ರಿಸೀವರನ್ನು ಕಿವಿಯಿಂದ ತೆಗೆದು ನೋಡಿದರು, ಮೆಲ್ಲಗೆ ಇಟ್ಟರು.

ಅರ್ಧ ದಾರಿ ಬರುವವರೆಗೆ ನನಗೆ ಕೇಳುವ ಧೈರ್ಯವಾಗಲಿಲ್ಲ. "ಬೈದ್ರಾ?"

"ಇಲ್ಲೆ. ಬೈದಿರೆ ಒಳ್ಳೇದಿತ್ತ್." ರಸ್ತೆಯ ಅಂಚಿಗೆ ಸರಿದು ನಡೆದರು. "ಇಷ್ಟ್ ವರ್ಷದಂಗ್ ಹಿಂಗೆ ಎಷ್ಟ್ ಸಲ ಆಯಿತ್ ಅಂದೇಳಿ ಕೇಂಡ್ರ್. ಇದೇ ಮೊದ್ಲ್ ಅಂದೆ. ಹೂಂ ಅಂದ್ರ್. ಇಟ್ರ್."

"ನಾಳೆ ಬರ್ಬೇಡಿ ಅಂದ್ರಾ?"

"ಬನ್ನಿ ಅಂದೇಳಿ ಹೇಳ್ಲಿಲ್ಲೆ."

ಸುಳ್ಳು ಹೇಳಿದ್ದರೆ ನಂಬುತ್ತಿದ್ದರು. ನಿಜ ಹೇಳಿದ್ದಕ್ಕೆ ಇಪ್ಪತ್ತೊಂದು ವರ್ಷದ ಎಲ್ಲ ಮದುವೆಯ, ಎಲ್ಲ ಮುಂಜಿಯ ಪಾಯಸವನ್ನೂ ಆ ಮುದುಕಿ ಈಗ ಒಂದೊಂದಾಗಿ ನೆನೆಸಿಕೊಂಡು ಮೂಸಿ ನೋಡುತ್ತಿರುತ್ತಾರೆ. ಬೀದಿಗೆ ಹೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಟೈಲ್ಸ್ ಹಾಕಿದ ಹೊಸ ಅಡುಗೆಮನೆಗೆ ಶುಕ್ರವಾರ ಬಾಗಿಲು ತೆಗೆದಾಗ ಎದುರಿಗೆ ಯಾರು ಬಂದು ನಿಲ್ಲುತ್ತಾರೋ. ನಾನು ಮಾಡಿದ್ದು, ನನ್ನ ಕೈಯ ಕೆಲಸ.

ಜಯರಾಮಣ್ಣ ಬರಿಗೈಯಲ್ಲಿ ವ್ಯಾನು ಹತ್ತಿದರು. ಹೋಗುವಾಗ ಧಣಿಯ ಹೆಗಲು ಮುಟ್ಟಿದರು. ಮಕ್ಕಳು ದೂರದಲ್ಲಿ ಅಲೆಗಳ ಹತ್ತಿರ ಇದ್ದರು. ಸೂರ್ಯ ನಮ್ಮ ಬೆನ್ನ ಹಿಂದೆ ಇಳಿಯುತ್ತಿದ್ದ. ಇಲ್ಲಿನ ಸಮುದ್ರದಲ್ಲಿ ಸೂರ್ಯ ಮುಳುಗುವುದಿಲ್ಲ, ಅಷ್ಟರಮಟ್ಟಿಗಾದರೂ ನಮ್ಮೂರಿನ ಸಮುದ್ರ ಬೇರೆ.

ಇವರು ಜಗಲಿಯಲ್ಲಿ ಆ ಪಾತ್ರೆಯ ಪಕ್ಕದಲ್ಲೇ ಕೂತರು. ಕಂಠದ ಮೇಲೆ ಕೊರೆದ ಹೋಟೆಲಿನ ಹೆಸರನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಇನ್ನು ಈ ಮನುಷ್ಯ ಬದುಕಿರುವವರೆಗೆ ಮೀನು ಮುಟ್ಟುವುದಿಲ್ಲ ಎಂದುಕೊಂಡು ನಾನು ಬಾಗಿಲಿಗೆ ಒರಗಿ ನಿಂತಿದ್ದೆ.

"ಸರಸ," ಎಂದರು. "ಒಂದ್ ಉಳ್ದಿತ್ತಲ್ದಾ?"

"ಇತ್ತ್."

"ಬಡ್ಸ್."

ಬಿಸಿ ಮಾಡಿ ತರುತ್ತೇನೆ ಎಂದೆ. ಬೇಡ ಎಂದರು. ತಣ್ಣಗಾದ ಸುಕ್ಕವನ್ನು ತಟ್ಟೆಗೆ ಹಾಕಿ ಕೊಟ್ಟೆ. ಈ ಸಲ ಅವರು ಕಣ್ಣು ಮುಚ್ಚಲಿಲ್ಲ. ಒಂದೊಂದೇ ತುತ್ತು ತೆಗೆದು, ಜಗಿದು, ಕೊನೆಯ ಕಾಲಿನವರೆಗೂ ತಿಂದು ಮುಗಿಸಿದರು. ನಾನು ಪಕ್ಕದಲ್ಲಿ ನೀರಿನ ಲೋಟ ಹಿಡಿದು ಕೂತಿದ್ದೆ.